ಸೊನ್ನೆಯಾಗದ ನ್ಯೂಟ್ರಿನೊ

ನನ್ನ ಲೆಕ್ಕದಲ್ಲಿ ನ್ಯೂಟ್ರಿನೊವಿನ ದ್ರವ್ಯರಾಶಿ ಮತ್ತೆ ಸೊನ್ನೆ ಬಂತು. ಸಂಜೆಯೊಳಗೆ ಬೇರೆ ಉತ್ತರ ಬರದಿದ್ದರೆ ಈ ಮಾದರಿಯನ್ನು ಕೈಬಿಡು ಎಂದು ಪಿಎಚ್‌ಡಿ ಗೈಡ್ ಮೇಡಂ ಹೇಳಿದ್ದರು. ಎರಡು ವರ್ಷದಿಂದ ಕಟ್ಟಿಕೊಂಡು ಬಂದದ್ದು. ಬಿಡಲು ಮನಸ್ಸಿರಲಿಲ್ಲ.

ಬಿಳಿಚೋಡಿನ ನಮ್ಮ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ; ಪಕ್ಕದಲ್ಲಿ ಅಣ್ಣ ಪರಮೇಶ್ ಶೇಂಗಾ ಸುಲಿಯುತ್ತಿದ್ದ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು.

"ಯಾಕೇ ಅಂಬಿಕಾ, ನಿನ್ನ ಡಾರ್ಕ್ ಮ್ಯಾಟರ್ ಮುಖಕ್ಕೇ ಬಂದಂಗೈತೆ?"

"ಸುಮ್ನಿರಣ್ಣ."

"ನಮ್ಮ ಎಂಟನೇ ಕ್ಲಾಸಿನೋರಿಗೆ ಹೇಳಿದಂಗೆ ಹೇಳು, ನೋಡಾನ."

ಹೇಳಿದೆ. ನ್ಯೂಟ್ರಿನೊ ಎಂಬ ಕಣಕ್ಕೆ ತೀರಾ ಸಣ್ಣ ದ್ರವ್ಯರಾಶಿ ಇದೆ, ಎಲ್ಲಿಂದ ಬಂತೋ ತಿಳಿಯದು. ಡಾರ್ಕ್ ಮ್ಯಾಟರ್ ಕಾಣುವುದಿಲ್ಲ, ಅದರ ಎಳೆತ ಮಾತ್ರ ತಿಳಿಯುತ್ತದೆ. ನನ್ನ ಮಾದರಿಯಲ್ಲಿ ಎರಡಕ್ಕೂ ಒಂದೇ ಗುಂಪಿನ ಹೊಸ ಕಣಗಳು ಕಾರಣ. ಆ ಗುಂಪಿನಲ್ಲೊಂದು ಜೋಡಿ. ಒಂದು ಕಣ ನ್ಯೂಟ್ರಿನೊಗೆ ಕೊಟ್ಟದ್ದನ್ನು ಇನ್ನೊಂದು ಕಳೆಯುತ್ತದೆ. ಇವೆರಡರ ದ್ರವ್ಯರಾಶಿಯಲ್ಲಿ ಚೂರು ವ್ಯತ್ಯಾಸವಿದ್ದರೆ ಮಾತ್ರ ಏನಾದರೂ ಉಳಿಯುತ್ತದೆ.

"ವ್ಯತ್ಯಾಸ ಇಟ್ಟೀಯೇನು?"

"ಇಡದೇ ಇರ್ತೀನಾ..."

ಪ್ರೋಗ್ರಾಂ ತೆರೆದು ಮೊದಲಿನಿಂದ ನೋಡಿದೆ. ಹೊಸ ಪ್ರೋಗ್ರಾಂಗೆ ಉತ್ತರ ಗೊತ್ತಿರುವ ಲೆಕ್ಕವನ್ನೇ ಮೊದಲು ಕೊಟ್ಟು ನೋಡುವುದು ನಮ್ಮ ಪದ್ಧತಿ. ಹೋದ ವಾರ ಹಾಗೆ ನೋಡಲೆಂದು ಜೋಡಿಗೆ ಒಂದೇ ದ್ರವ್ಯರಾಶಿ ಕೊಡುವ ಸಾಲೊಂದನ್ನು ಬರೆದಿದ್ದೆ. ಸೊನ್ನೆ ಬಂತು, ಬರಬೇಕಾದ್ದೂ ಅದೇ. ಖುಷಿಯಲ್ಲಿ ಊಟಕ್ಕೆ ಎದ್ದು, ಆ ಸಾಲನ್ನು ಅಳಿಸುವುದನ್ನೇ ಮರೆತಿದ್ದೆ. ಆಮೇಲೆ ಏನು ಬದಲಿಸಿದರೂ ಅದು ಜೋಡಿಯನ್ನು ಮತ್ತೆ ಸಮ ಮಾಡುತ್ತಿತ್ತು.

ಅಳಿಸಿದೆ. ಪ್ರೋಗ್ರಾಂ ಮತ್ತೆ ಓಡಿಸಿದೆ.

"ಏನಾತೇ?"

"ಮಾತಾಡ್ಬೇಡಣ್ಣ, ಒಂದ್ನಿಮಿಷ."

ಅವನು ಶೇಂಗಾ ಸುಲಿಯುವುದನ್ನೂ ನಿಲ್ಲಿಸಿದ. ಸೊನ್ನೆ ಹೋಗಿ ಅಂಕಿ ಬಂತು, ಪ್ರಯೋಗಗಳ ಅಳತೆಗೆ ಹೊಂದುವಷ್ಟೇ ಸಣ್ಣದು. ಆದರೆ ಅದೇ ಅಂಕಿಗಳಲ್ಲಿ ಡಾರ್ಕ್ ಮ್ಯಾಟರ್ ಪ್ರಮಾಣವೂ ಸರಿಬರಬೇಕು. ನಕ್ಷೆಯ ಮೇಲೆ ಚುಕ್ಕಿಗಳು ಬೀಳತೊಡಗಿದವು. ಎರಡೂ ಸರಿಹೊಂದುವ ಜಾಗಕ್ಕೆ ಎಳೆದಿದ್ದ ಗೆರೆಯ ಹೊರಗೆ. ಹೊರಗೆ. ಮತ್ತೂ ಹೊರಗೆ. ಆಮೇಲೆ ಒಂದು ಒಳಗೆ ಬಿತ್ತು. ಅದರ ಮಗ್ಗುಲಲ್ಲೇ ಇನ್ನೊಂದು.

ಅವ್ವ ಬಾಗಿಲಿಗೆ ಬಂದಳು. "ಯಾಕ್ರೋ, ಇಬ್ರೂ ಗರ ಬಡಿದಂಗೆ ಕುಂತೀರಿ?"

"ನಿನ್ನ ಮಗಳ ಲೆಕ್ಕ ಹತ್ತೈತೆ, ಸುಮ್ನಿರವ್ವ."

ನಕ್ಷೆ ಕಳಿಸಿ ಮೇಡಂಗೆ ಫೋನ್ ಮಾಡಿದೆ. ತಪ್ಪು ಎಲ್ಲಿತ್ತೆಂದು ಹೇಳಿದೆ. ಅತ್ತ ಅವರು ನಕ್ಷೆ ತೆರೆದರು. ಒಳಗೆ ಬಿದ್ದ ಚುಕ್ಕಿಗಳ ಅಂಕಿಗಳನ್ನು ಒಂದೊಂದಾಗಿ ಕೇಳಿದರು.

"ಅಂಬಿಕಾ, ಆ ಎರಡು ಚುಕ್ಕಿಗಳ ಸುತ್ತ ಇನ್ನೂ ಒತ್ತಾಗಿ ಹುಡುಕು. ಈಗಲೇ. ನಾನೂ ಇಲ್ಲಿ ಕೂರ್ತೀನಿ."

"ಹಾಗಾದ್ರೆ ಮಾದರಿ ಬಿಡೋದು ಬೇಡವಾ, ಮೇಡಂ?"

"ಬಿಡೋದಾ? ಮೊದಲು ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಮ್ಮ."