ವಲ್ಲಿಯ ಕೆಳಗಿನ ಲೆಕ್ಕ

ಕೌಜಲಗಿಯ ಮಾಯಪ್ಪ ಕೇಳಿದಷ್ಟು ಬೆಲೆ ಕೊಟ್ಟು ಏನನ್ನೂ ಕೊಂಡವನಲ್ಲ. ತನ್ನ ಮದುವೆಯ ದಿನವೇ ಬಾಜಾದವರ ಜೊತೆ ಚೌಕಾಶಿಗೆ ನಿಂತು ಅಕ್ಷತೆಯ ಹೊತ್ತಿಗೆ ತಡಮಾಡಿದ ಎಂದು ಹೆಂಡತಿ ಸಾವಿತ್ರವ್ವ ಇಂದಿಗೂ ಮೂಗು ಮುರಿಯುತ್ತಾಳೆ. ಕುರಿ ಕೊಂಡು ಮಾರುವುದು ಅವನ ಕಸುಬು. ಸಂತೆಯಲ್ಲಿ ಕುರಿಯ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ಹೆಗಲ ಮೇಲಿನ ವಲ್ಲಿಯನ್ನು ಹರವಿ ಅದರ ಕೆಳಗೆ ಕೈ ಸೇರಿಸುತ್ತಾರೆ. ಒಂದು ಬೆರಳು ಹಿಡಿದರೆ ಸಾವಿರ, ಇಡೀ ಕೈ ಹಿಡಿದರೆ ಐದು ಸಾವಿರ. ಸುತ್ತ ನಿಂತವರಿಗೆ ಬಟ್ಟೆ ಮಿಸುಕುವುದಷ್ಟೇ ಕಾಣುತ್ತದೆ. ಆ ಬಟ್ಟೆಯ ಕೆಳಗೆ ಮಾಯಪ್ಪನನ್ನು ಸೋಲಿಸಿದವರು ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಯಾರೂ ಇರಲಿಲ್ಲ. ಈ ಮಾತನ್ನು ನಾಲ್ಕು ಜನ ಹೇಳಿದರೆ ಆರು ಸಲ ಅವನೇ ಹೇಳಿಕೊಂಡಿದ್ದ.

ಅಂಥವನು ಈಗ ಗೋಕಾಕದ ಬ್ಯಾಂಕಿನಲ್ಲಿ ಮಗಳ ಪಕ್ಕ ಕುಳಿತಿದ್ದ. ಮಗಳು ವಿಜಯಲಕ್ಷ್ಮಿ, ಮನೆಯವರ ಬಾಯಲ್ಲಿ ವಿಜ್ಜವ್ವ, ಅಂಕಲಗಿಯ ಸೋದರಮಾವನ ಪಿಕಪ್ ಗಾಡಿಯಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿದ್ದಳು. ಸ್ವಂತ ಗಾಡಿ ತೆಗೆದುಕೊಂಡು ಕುರಿ, ತರಕಾರಿ ಬಾಡಿಗೆ ಹೊಡೆಯಬೇಕೆಂಬುದು ಅವಳ ಹಟ. ಅವಳ ಹೆಸರಿನಲ್ಲಿ ಹೊಲವಿಲ್ಲ, ಹಿಂದೆ ಸಾಲ ತೆಗೆದು ತೀರಿಸಿದ ದಾಖಲೆಯೂ ಇಲ್ಲ. ಅಪ್ಪ ಜೊತೆಗೆ ಸಹಿ ಹಾಕಿದರೆ ಮಾತ್ರ ಸಾಲ ಎಂದಿದ್ದರು ಬ್ಯಾಂಕಿನವರು.

ಮ್ಯಾನೇಜರ್ ಐಶ್ವರ್ಯ ಮೇಡಂ ಕಂಪ್ಯೂಟರಿನಿಂದ ಮುಖ ತೆಗೆದು, "ಕಾಕಾರ, ನಿಮ್ಮ ಸಿಬಿಲ್ ಸ್ಕೋರ್ ಐನೂರ ಎಂಬತ್ತು ಐತ್ರಿ. ಏಳನೂರರ ಮ್ಯಾಲ ಇರಬೇಕು. ಹುಕ್ಕೇರಿ ಫೈನಾನ್ಸಿನಾಗ ಬೈಕಿನ ಸಾಲ ತಗೊಂಡಿದ್ರಲ್ಲ, ಅದು 'ಸೆಟಲ್ಡ್' ಅಂತ ತೋರಸಾಕತ್ತೈತಿ" ಎಂದರು.

"ಹೌದ್ರಿ, ಅದನ್ನ ಮುಗಿಸೇನಲ್ರಿ!" ಮಾಯಪ್ಪ ಎದೆ ಮುಂದೆ ಮಾಡಿದ. "ಹದಿನೈದು ಸಾವಿರ ಬಾಕಿ ಇತ್ತು. ಏಳಕ್ಕ ಮುಗಿಸೇನಿ."

ಅದು ಅವನ ಬಾಳಿನ ದೊಡ್ಡ ಗೆಲುವು. ಆ ವರ್ಷ ಹಿಂಡಿನ ಜೊತೆ ತಿಂಗಳುಗಟ್ಟಲೆ ಊರು ಬಿಟ್ಟಿದ್ದಾಗ ಬೈಕಿನ ಕೊನೆಯ ಕಂತುಗಳು ನಿಂತುಹೋಗಿದ್ದವು. ವಸೂಲಿಗೆ ಬಂದ ದುಂಡೇಶ ಎಂಬ ಹುಡುಗನನ್ನು ಕಂಬಳಿ ಹಾಸಿ ಕೂರಿಸಿ, ರೊಟ್ಟಿ ತಿನ್ನಿಸಿ, ಕೊನೆಗೆ ವಲ್ಲಿ ಹರವಿದ್ದ. ಇಡೀ ಕೈ ಹಿಡಿದು, ಮತ್ತೆರಡು ಬೆರಳು ಹಿಡಿದು ವ್ಯವಹಾರ ಮುಗಿಸಿದ್ದ. ದುಂಡೇಶ ತನ್ನ ಸಾಹೇಬರಿಗೆ ಫೋನು ಮಾಡಿ ಒಪ್ಪಿಸಿದ. ಈ ಕಥೆಯನ್ನು ಮಾಯಪ್ಪ ಉಪ್ಪು ಖಾರ ಹಚ್ಚಿ ಹೇಳದ ಚಹಾದಂಗಡಿ ಉಳಿದಿರಲಿಲ್ಲ.

"ತಪ್ಪಾಗಿದ್ದು ಅಲ್ಲೇ ನೋಡ್ರಿ," ಎಂದರು ಮೇಡಂ. "ಕಡಿಮಿಗೆ ಮುಗಿಸಿದ್ರ ಫೈನಾನ್ಸಿನವರು ನಿಮ್ಮನ್ನ ಬಿಟ್ಟಾರು. ಆದ್ರ ಈ ಮನಷ್ಯಾ ಕೊಡೂದನ್ನ ಪೂರಾ ಕೊಡಲಿಲ್ಲ ಅಂತ ಎಲ್ಲಾ ಬ್ಯಾಂಕಿಗೂ ಕಾಣತೈತಿ."

ಮಾಯಪ್ಪನಿಗೆ ತಲೆಬುಡ ತಿಳಿಯಲಿಲ್ಲ. "ವಲ್ಲಿ ಬುಡಕ ಆದ ವ್ಯವಹಾರ ನಿಮ್ಮ ಕಂಪ್ಯೂಟರಿಗೆ ಹ್ಯಾಂಗ ಗೊತ್ತಾತ್ರಿ?"

ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ವಿಜ್ಜವ್ವ ನಗಲಿಲ್ಲ. ಊರಿಗೆ ಬಂದು ಅಂಗಳದಲ್ಲಿ ಬೈಕಿನಿಂದ ಇಳಿದ ಮೇಲೆ ಒಂದೇ ಮಾತು ಹೇಳಿದಳು.

"ಯಪ್ಪಾ, ನೀ ಉಳಿಸಿದ ಎಂಟ ಸಾವಿರ ನನ್ನ ಗಾಡಿ ನುಂಗಿತು."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮಾಯಪ್ಪನಿಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ಗೊತ್ತಾಗದೆ ಚೊಂಬನ್ನು ಒದ್ದ, ಕಾಲು ನೋಯಿಸಿಕೊಂಡ. ಬೆಳಿಗ್ಗೆ ಎದ್ದವನೇ ಸಾಕಿದ ಟಗರೊಂದನ್ನು ಮಾರಿ, ಎಂಟು ಸಾವಿರ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಹುಕ್ಕೇರಿಗೆ ಹೊರಟ.

ಫೈನಾನ್ಸಿನ ಕಚೇರಿಯಲ್ಲಿ ಸದಾಶಿವ ಎಂಬ ಸಾಹೇಬ ಹಳೆಯ ಲೆಕ್ಕ ತೆಗೆದು ನೋಡಿ ನಕ್ಕ. "ಮುಗಿದು ಹೋದ ಕೇಸಿಗೆ ಎಂಟ ಸಾವಿರ ಯಾಕ ಕಟ್ಟತೀರಿ? ನಾಕ ಕೊಡ್ರಿ, ಒಂದ ಲೆಟರ್ ಮಾಡಿ ಕೊಡತೇನಿ."

ಅರ್ಧಕ್ಕೆ ಅರ್ಧ! ಅದೂ ಕೇಳದೆಯೇ! ಮಾಯಪ್ಪನ ಅಂಗೈ ತುರಿಸಿತು, ಕೈ ತಾನಾಗಿಯೇ ಹೆಗಲಿಗೆ ಹೋಯಿತು. ಸ್ವಲ್ಪ ಎಳೆದರೆ ಮೂರಕ್ಕೆ ಬರುತ್ತಾನೆ ಈ ಮನುಷ್ಯ, ಮುಖ ನೋಡಿದರೇ ತಿಳಿಯುತ್ತದೆ.

"ಲೆಟರಿನಾಗ ಏನಂತ ಬರೀತೀರಿ?"

"ಸೆಟಲ್ಡ್ ಅಂತ."

ಮಾಯಪ್ಪ ವಲ್ಲಿಯನ್ನು ಹೆಗಲಿನಿಂದ ತೆಗೆದ. ನಾಲ್ಕಾಗಿ ಮಡಚಿದ. ಕುರ್ಚಿಯ ಮೇಲೆ ಹಾಕಿ ಅದರ ಮೇಲೇ ಕುಳಿತುಬಿಟ್ಟ.

"ಎಂಟೂ ತಗೊಳ್ರಿ ಸಾಹೇಬ್ರ. ಪೂರಾ ಮುಟ್ಟೈತಿ, ಸಾಲ ಕ್ಲೋಸ್ ಆಗೈತಿ ಅಂತ ಬರೀರಿ. ಬ್ಯಾಂಕಿನವರಿಗೆ ಕಾಣೂ ಜಾಗಾದಾಗೂ ಹಂಗ ತಿದ್ದರಿ. ಅದು ಕೈಗೆ ಬರೂತನಾ ನಾ ಇಲ್ಲಿಂದ ಏಳಂಗಿಲ್ಲ."

ಸದಾಶಿವ ಇವನಿಗೆ ಬಿಸಿಲು ತಲೆಗೇರಿದೆ ಎಂದುಕೊಂಡಿರಬೇಕು. ಊಟದ ಹೊತ್ತು ಮೀರಿತು, ಒಂದೆರಡು ಫೋನು ಹೋದವು, ಬಂದವು. ಮಾಯಪ್ಪ ಕುರ್ಚಿ ಬಿಡಲಿಲ್ಲ. ಕೊನೆಗೆ ಮೊಹರು ಬಿದ್ದ ಪತ್ರ ಸಿಕ್ಕಿತು.

ಸುದ್ದಿ ಅವನಿಗಿಂತ ಮೊದಲೇ ಮೂಡಲಗಿ ಸಂತೆ ತಲುಪಿತು. "ಬಿಟ್ಟ ಸಾಲಾನ ಹುಡುಕಿಕೊಂಡ ಹೋಗಿ ಕಟ್ಟ್ಯಾನಂತ! ಮಾಯಪ್ಪಗ ವಯಸ್ಸಾತು," ಎಂದು ಉದ್ದಪ್ಪ ಎಲ್ಲರೆದುರು ಗೇಲಿ ಮಾಡಿದ. ಉದ್ದಪ್ಪ ಹಳೆಯ ಕುರಿ ವ್ಯಾಪಾರಿ, ವಲ್ಲಿಯ ಕೆಳಗೆ ಮಾಯಪ್ಪನಿಂದ ಎಷ್ಟೋ ಸಲ ಪೆಟ್ಟು ತಿಂದವನು. ಮಾಯಪ್ಪ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದ. ಸುಮ್ಮನಿರುವುದು ಅವನಿಗೆ ಎಂಟು ಸಾವಿರಕ್ಕಿಂತ ದುಬಾರಿಯಾಯಿತು.

ಒಂದೂವರೆ ತಿಂಗಳ ನಂತರ ಬ್ಯಾಂಕಿಗೆ ಹೋದರೆ 'ಸೆಟಲ್ಡ್' ಹೋಗಿ 'ಕ್ಲೋಸ್ಡ್' ಬಂದಿತ್ತು. ಸ್ಕೋರು ಮಾತ್ರ ಏರಿಯೂ ಏರದಂತೆ ಕುಳಿತಿತ್ತು.

"ಇಷ್ಟ ಏನ್ರಿ?" ಎಂದು ಮಾಯಪ್ಪ ಕೂಗಾಡಿದ.

"ಹಳೇ ಕಂತು ತಪ್ಪಿದ್ದು ಇನ್ನೂ ಕಾಣತೈತ್ರಿ ಕಾಕಾ," ಎಂದರು ಮೇಡಂ ತಾಳ್ಮೆಯಿಂದ. "ಒಂದು ಸಣ್ಣ ಸಾಲ ತಗೊಂಡು ಹೇಳಿದ ದಿನಕ್ಕ ಕಟ್ಟಿ ತೋರಸ್ರಿ. ಒಂದ ತಿಂಗಳೂ ತಪ್ಪಬಾರದು. ತಾನ ಏರತೈತಿ."

ಸಣ್ಣ ಸಾಲಕ್ಕೆ ಒತ್ತೆ ಬೇಕು. ಸಾವಿತ್ರವ್ವ ಕೊರಳಿನ ಬೋರಮಾಳ ಸರ ಬಿಚ್ಚಿ ಗಂಡನ ಕೈಗೆ ಹಾಕಿದಳು. "ಮಗಳ ಸಲುವಾಗಿ ಕೊಡಾಕತ್ತೇನಿ, ನಿಮ್ಮ ಮಾರಿ ನೋಡಿ ಅಲ್ಲ. ಇದು ತಿರುಗಿ ಬರಲಿಲ್ಲ ಅಂದ್ರ ನಿಮ್ಮ ವಲ್ಲಿಲೇ ನಿಮ್ಮನ್ನ ಕಂಬಕ್ಕ ಕಟ್ಟತೇನಿ."

ಬಂಗಾರದ ಮೇಲಿನ ಆ ಸಾಲಕ್ಕೆ ತಿಂಗಳ ಕಂತು. ಫೋನಿನಲ್ಲೇ ಕಟ್ಟಬಹುದು ಎಂದು ವಿಜ್ಜವ್ವ ಹೇಳಿದರೂ ಮಾಯಪ್ಪ ಕೇಳಲಿಲ್ಲ. ಗಡುವಿನ ಹಿಂದಿನ ದಿನವೇ ಹೋಗಿ ಕೈಯಾರೆ ಕಟ್ಟಿ ಚೀಟಿ ತರುತ್ತಿದ್ದ. ಜ್ವರದಲ್ಲೂ ಹೋದ. ಹಿಂಡು ದೂರದ ಹೊಲದಲ್ಲಿದ್ದಾಗಲೂ ಅರ್ಧ ದಾರಿ ನಡೆದು, ಅರ್ಧ ದಾರಿ ಹಾಲಿನ ಗಾಡಿ ಹತ್ತಿ ಹೋದ. ಒಮ್ಮೆ ಸಂತೆಯಲ್ಲಿ ಉದ್ದಪ್ಪನ ಜೊತೆಯೇ ವಲ್ಲಿಯ ಕೆಳಗೆ ಕೈ ಸೇರಿತ್ತು, ಇನ್ನೊಂದು ಬೆರಳು ಖಂಡಿತ ಸಿಗುತ್ತಿತ್ತು. ಬ್ಯಾಂಕು ಮುಚ್ಚುವ ಹೊತ್ತಾಯಿತೆಂದು, ಬಂದಷ್ಟಕ್ಕೆ ಟಗರು ಕೊಟ್ಟು ಓಡಿದ. ಉದ್ದಪ್ಪ ಹಗ್ಗ ಹಿಡಿದುಕೊಂಡು ಬೆಪ್ಪಾಗಿ ನಿಂತ.

ವರ್ಷ ತುಂಬುವ ಹೊತ್ತಿಗೆ ಬೋರಮಾಳ ಸಾವಿತ್ರವ್ವನ ಕೊರಳಿಗೆ ಮರಳಿತು. ಆಮೇಲೂ ಕೆಲವು ತಿಂಗಳು ಕಾಯಬೇಕಾಯಿತು. ಕೊನೆಗೊಂದು ದಿನ ಐಶ್ವರ್ಯ ಮೇಡಂ ಕಂಪ್ಯೂಟರನ್ನೇ ಇವರ ಕಡೆ ತಿರುಗಿಸಿ ತೋರಿಸಿದರು. ಏಳುನೂರು ದಾಟಿತ್ತು. ಮಾಯಪ್ಪನಿಗೆ ಅಂಕಿ ಮಸುಕಾಗಿ ಕಂಡಿತು. ವಲ್ಲಿಯಿಂದ ಕಣ್ಣು ಒರೆಸಿಕೊಂಡ.

ಹೊಸ ಪಿಕಪ್ಪಿನ ಮೊದಲ ಬಾಡಿಗೆ ಅಪ್ಪನ ಕುರಿಗಳದ್ದೇ ಆಯಿತು. ಮೂಡಲಗಿ ಸಂತೆಯಲ್ಲಿ ಕುರಿ ಇಳಿಸಿ ವಿಜ್ಜವ್ವ ಕೈ ಚಾಚಿದಳು.

"ಬಾಡಿಗಿ ಕೊಡಪಾ. ನನಗೂ ಕಂತ ಐತಿ."

ಮಾಯಪ್ಪ ಗಂಭೀರವಾಗಿ ಹೆಗಲಿನ ವಲ್ಲಿ ತೆಗೆದು ಅವಳ ಕೈ ಮೇಲೆ ಹರವಿದ. ಸಂತೆ ತಿರುಗಿ ನೋಡಿತು. ಇಷ್ಟು ವರ್ಷದಲ್ಲಿ ಆ ಬಟ್ಟೆಯ ಕೆಳಗೆ ಹೆಣ್ಣುಮಗಳ ಕೈ ಬಂದದ್ದೇ ಇರಲಿಲ್ಲ. ವಿಜ್ಜವ್ವ ಚೂರೂ ಅಳುಕದೆ ಅಪ್ಪನ ಎರಡು ಬೆರಳು ಹಿಡಿದಳು. ಕೌಜಲಗಿಯಿಂದ ಇಲ್ಲಿಗೆ ಅದು ತುಸು ಜಾಸ್ತಿಯೇ. ಅದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ಸ್ಟೀರಿಂಗ್ ಹಿಡಿದು ಗಟ್ಟಿಯಾದ ಆ ಹಿಡಿತ ಸಡಿಲವಾಗಲಿಲ್ಲ.

ಮಾಯಪ್ಪ ಬೆರಳು ಬಿಡಿಸಿಕೊಳ್ಳಲಿಲ್ಲ. ಒಳಜೇಬಿಗೆ ಇನ್ನೊಂದು ಕೈ ಹಾಕಿ ನೋಟು ತೆಗೆದು ಕೊಟ್ಟ.

"ಎಷ್ಟಕ್ಕ ಮುಗಿಸಿದಿ ಮಾಯಪ್ಪಾ?" ಎಂದು ಉದ್ದಪ್ಪ ಅಲ್ಲಿಂದಲೇ ಕೂಗಿ ಕೇಳಿದ.

ಮಾಯಪ್ಪ ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡ.

"ಪೂರಾ ಕೊಟ್ಟೇನೋ," ಎಂದ, ಇಡೀ ಸಂತೆಗೆ ಕೇಳುವಂತೆ.