ಹುಲ್ಲುಹಾಸಿನ ಮೇಲೆ ಆರು ಹೆಜ್ಜೆ

ಬಾಗಿಲ ಮೇಲೆ ಮೂರು ಪೆಟ್ಟು. ಒಂದು ಕ್ಷಣ ಬಿಟ್ಟು, ಮತ್ತೆ ಮೂರು.

ಗಂಟೆ ಹತ್ತೂವರೆ. ಜೂನ್ ತಿಂಗಳ ನಿಧಾನದ ಬೆಳಕು ಆಗಷ್ಟೇ ಆರಿತ್ತು. ಬಾಗಿಲು ತೆರೆದರೆ ಪಕ್ಕದ ಮನೆಯ ಎನಿಡ್ ಗ್ರೀವ್ಸ್. ಕೈಯಲ್ಲಿ ಟಾರ್ಚು, ಕಾಲಿಗೆ ಬರೀ ಉಣ್ಣೆಯ ಕಾಲುಚೀಲ.

“ಗಿಲ್, ಬೂಟು ಬಿಚ್ಚಿಟ್ಟು ಬಾ,” ಎಂದರು. “ಈಗೇನೂ ಕೇಳ್ಬೇಡ.”

ಹಿಂಬಾಲಿಸಿದೆ. ತಮ್ಮ ಗೇಟಿನ ಒಳಗೆ ಅವರು ಟಾರ್ಚನ್ನು ನೆಲಕ್ಕೆ ಅಡ್ಡ ಮಲಗಿಸಿದರು. ಬೆಳಕು ಹುಲ್ಲಿನ ತುದಿಗಳನ್ನು ಸವರಿಕೊಂಡು ಆ ಕಡೆಯ ಗೋಡೆಯವರೆಗೂ ಹರಿಯಿತು. ಒಂದು ಪಟ್ಟಿ ತಿಳಿಹಸಿರು, ಪಕ್ಕದ್ದು ಕಡುಹಸಿರು. ದಾರ ಹಿಡಿದು ಎಳೆದಂಥ ಹನ್ನೊಂದು ಪಟ್ಟಿಗಳು. ಅವುಗಳನ್ನು ಓರೆಯಾಗಿ ದಾಟಿ ಆರು ಹೆಜ್ಜೆಗಳು ನಡುಮಧ್ಯದವರೆಗೆ ಹೋಗಿದ್ದವು. ಬೂಟಿನ ಆಕಾರದಲ್ಲೇ ಹುಲ್ಲು ಮಾಸಲು ಹಳದಿಗೆ ತಿರುಗಿತ್ತು. ಆರನೆಯದರ ಮುಂದೆ, ಅಕ್ಕಪಕ್ಕದಲ್ಲಿ, ತಟ್ಟೆಯಗಲದ ಎರಡು ದುಂಡನೆಯ ಗುರುತುಗಳು. ಅಲ್ಲಿಂದ ಹಿಂದಿರುಗಿದ ಹೆಜ್ಜೆ ಒಂದೂ ಇರಲಿಲ್ಲ.

“ಒಳಗೆ ಹೋದವನು ಹೊರಗೇ ಬಂದಿಲ್ವಲ್ಲ, ಆಂಟಿ?”

“ಬಂದಿದಾನೆ ಕಣೋ. ಬೂಟಿನಡಿ ಕಳೆನಾಶಕ ಇತ್ತು. ಆರು ಹೆಜ್ಜೆಗೆ ಎಲ್ಲಾ ಒರೆಸಿಹೋಗಿದೆ. ಅದು ಮೆಟ್ಟಿದ ದಿನ ಕಾಣಲ್ಲ, ಬಣ್ಣ ತಿರುಗೋಕೆ ಒಂದು ವಾರವಾದ್ರೂ ಬೇಕು. ನಾಳೆ ಹಗಲಲ್ಲೂ ಕಾಣುತ್ತೆ. ನಾಡಿದ್ದು ಒಣಹುಲ್ಲು.”

ನಾಡಿದ್ದು ಶನಿವಾರ. ನಮ್ಮೂರ ಹುಲ್ಲುಹಾಸು ಸಂಘದ ಸ್ಪರ್ಧೆ ಅಂದೇ.

ಡರ್ಬಿಶೈರಿನ ನಮ್ಮ ಬೀದಿಯಲ್ಲಿ ಪ್ರತಿ ಮನೆಯ ಮುಂದೂ ಹುಲ್ಲಿದೆ. ಹುಲ್ಲುಹಾಸು ಇರುವುದು ಎರಡೇ ಮನೆಗಳ ಮುಂದೆ. ಒಂದು ಎನಿಡ್ ಅವರದು. ಇನ್ನೊಂದು ಎದುರು ಮನೆಯ ಡೆಸ್ಮಂಡ್ ಕ್ರಾಬ್ ಅವರದು. ನಾನು ಬೆಳಗಿನ ಮೊದಲ ಬಸ್ಸು ಓಡಿಸುವವನು. ಐದೂಕಾಲಿಗೆ ಮನೆ ಬಿಡುವಾಗ ಎನಿಡ್ ಉದ್ದನೆಯ ಬಿದಿರುಕೋಲಿನಿಂದ ಹುಲ್ಲಿನ ಮೇಲಿನ ಇಬ್ಬನಿಯನ್ನು ಉದುರಿಸುತ್ತಿರುತ್ತಾರೆ. ಒದ್ದೆ ನಿಂತರೆ ಬೂಷ್ಟು ಹಿಡಿಯುತ್ತದಂತೆ. ಎಷ್ಟೇ ಬೆಳೆದಿರಲಿ, ಒಮ್ಮೆಗೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕೊಯ್ದವರಲ್ಲ. ಯಂತ್ರದ ಅಲಗನ್ನು ತಾವೇ ಮಸೆಯುತ್ತಾರೆ. ಮೊಂಡು ಅಲಗು ಹುಲ್ಲನ್ನು ಕತ್ತರಿಸದೆ ಹರಿಯುತ್ತದೆ, ಹರಿದ ತುದಿ ಮರುದಿನವೇ ಬಿಳಿಚಿಕೊಳ್ಳುತ್ತದೆ. ಬೇಸಗೆಯಲ್ಲಿ ದಿನವೂ ಚಿಮುಕಿಸದೆ, ವಾರಕ್ಕೊಮ್ಮೆ ಬೇರಿಗಿಳಿಯುವಷ್ಟು ನೀರು. ಶರತ್ಕಾಲದಲ್ಲಿ ಪಾಚಿಯನ್ನು ಕೆರೆದು ತೆಗೆದು, ಕವೆಗೋಲು ಚುಚ್ಚಿ ನೆಲಕ್ಕೆ ಉಸಿರಾಡಲು ಕೊಡುತ್ತಾರೆ. ಎಪ್ಪತ್ಮೂರರ ವಯಸ್ಸಿನಲ್ಲಿ ಇಷ್ಟೆಲ್ಲವನ್ನೂ ಒಬ್ಬರೇ ಮಾಡುತ್ತಿದ್ದರು. ಆದರೂ ನಾಲ್ಕು ವರ್ಷಗಳಿಂದ ಮೊದಲ ಸ್ಥಾನ ಡೆಸ್ಮಂಡ್‌ಗೆ, ಎರಡನೆಯದು ಇವರಿಗೆ.

ತೀರ್ಪು ಆಂಬ್ರೋಸ್ ಹಾಲಮ್ ಅವರದು. ಮೂವತ್ತು ವರ್ಷ ಕ್ರಿಕೆಟ್ ಮೈದಾನ ಕಾಯ್ದು ನಿವೃತ್ತರಾದ, ಹೊಗಳಿಕೆ ಬಾರದ ಮನುಷ್ಯ. ಕಾಲುದಾರಿಯಲ್ಲಿ ನಿಂತು ನೋಡುತ್ತಾರೆ, ಪುಸ್ತಕದಲ್ಲಿ ಅಂಕ ಬರೆಯುತ್ತಾರೆ, ಮುಂದೆ ಹೋಗುತ್ತಾರೆ. ತೀರ್ಪುಗಾರನಾದರೂ ಹುಲ್ಲು ಮೆಟ್ಟುವಂತಿಲ್ಲ ಎಂಬ ನಿಯಮವನ್ನು ಮಾಡಿದವರೂ ಅವರೇ.

“ಹಿತ್ತಲಿಂದ ಹುಲ್ಲು ಕತ್ತರಿಸಿ ತಂದು ಇಲ್ಲಿ ತೇಪೆ ಹಾಕೋಣ,” ಎಂದೆ ಆ ರಾತ್ರಿ ಎನಿಡ್‌ಗೆ.

“ಯಾರು ಅಂತ ಗೊತ್ತಾಗೋವರೆಗೂ ಬೇಡ.”

ಯಾರೆಂದು ನನಗಾಗಲೇ ಗೊತ್ತಿತ್ತು. ಹಿಂದಿನ ವಾರದ ಬುಧವಾರ ಎನಿಡ್ ತಂಗಿಯ ಮನೆಗೆ ಹೋಗಿದ್ದರು. ಅದೇ ಮಧ್ಯಾಹ್ನ ಡೆಸ್ಮಂಡ್ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ತಮ್ಮ ಮನೆಯ ದಾರಿಗೆ ಕಳೆನಾಶಕ ಸಿಂಪಡಿಸುತ್ತಿದ್ದುದನ್ನು ನಾನು ಬಸ್ಸಿನಿಂದಲೇ ಕಂಡಿದ್ದೆ. ಶುಕ್ರವಾರ ಬೆಳಿಗ್ಗೆ ಅವರ ಬೇಲಿಯ ಬಳಿ ನಿಂತೆ.

“ಹೋದ ವಾರ ಬುಧವಾರ ಕಳೆನಾಶಕ ಹೊಡೀತಿದ್ರಲ್ಲ?”

“ಹೊಡೆದೆ. ನನ್ನ ಮನೆ, ನನ್ನ ದಾರಿ. ಯಾಕಯ್ಯ, ನಿನ್ನ ಬಸ್ಸಿನ ಚಕ್ರ ಬಾಡಿಹೋಯ್ತಾ?”

“ಆಮೇಲೆ ಎಲ್ಲಿಗೆ ಹೋದ್ರಿ?”

“ಒಳಗೆ ಹೋಗಿ ಕ್ರಿಕೆಟ್ ಹಾಕಿದೆ. ನಮ್ಮವರು ಆಡಿದ ಚಂದಕ್ಕೆ ಎರಡು ಗಂಟೆ ಗೊರಕೆ ಹೊಡೆದೆ. ಬೇಕಾದ್ರೆ ಅದನ್ನೂ ಬರ್ಕೋ.”

ಆ ಉಡಾಫೆ ನನ್ನನ್ನು ಕೆರಳಿಸಿತು. ಸಂಜೆಯೊಳಗೆ ಸಂಘಕ್ಕೆ ದೂರು ಬರೆದುಕೊಟ್ಟೆ. ನಮೂನೆಯಲ್ಲಿ ‘ತಪ್ಪಿತಸ್ಥರ ಹೆಸರು’ ಎಂಬಲ್ಲಿ ದಪ್ಪಕ್ಷರದಲ್ಲಿ ಡೆಸ್ಮಂಡ್ ಕ್ರಾಬ್ ಎಂದು ತುಂಬಿದೆ. ಇನ್ನೊಬ್ಬರ ಹುಲ್ಲು ಕೆಡಿಸಿದವರಿಗೆ ಸಂಘದಲ್ಲಿ ಮತ್ತೆಂದೂ ಜಾಗವಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಡೆಸ್ಮಂಡ್ ನಾಲ್ಕು ಜನರ ಜತೆ ಕೂತು ಚಹಾ ಕುಡಿಯುತ್ತಿದ್ದುದು ಆ ಸಂಘದಲ್ಲಿ ಮಾತ್ರ. ಅದು ಗೊತ್ತಿದ್ದೂ ಬರೆದೆ.

ಡೆಸ್ಮಂಡ್ ಆಡಿದ ಮಾತನ್ನೂ ನಾನು ದೂರು ಕೊಟ್ಟದ್ದನ್ನೂ ಎನಿಡ್‌ಗೆ ಹೇಳಿದಾಗ ಅವರು ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟರು.

“ಅವನನ್ನ ಸೋಲಿಸ್ಬೇಕು ಅಂತ ನಾಲ್ಕು ವರ್ಷದಿಂದ ಮಂಡಿ ಸವೆಸಿದೀನಿ ಗಿಲ್. ಹೀಗೆ ಗೆಲ್ಲೋಕಲ್ಲ.”

ಶನಿವಾರ ಮುಂಜಾನೆ ಅವರು ಎಂದಿನಂತೆ ಇಬ್ಬನಿ ಉದುರಿಸಿದರು. ಅಂಚುಗಳನ್ನು ಕತ್ತರಿಯಿಂದ ಸಮ ಮಾಡಿದರು. ಕೊಯ್ಯುವ ಯಂತ್ರವನ್ನು ಒಮ್ಮೆ ಅತ್ತ, ಒಮ್ಮೆ ಇತ್ತ ನಡೆಸಿ ಹನ್ನೊಂದು ಪಟ್ಟಿಗಳನ್ನೂ ಹೊಸದಾಗಿ ಎಳೆದರು. ಸತ್ತ ಹೆಜ್ಜೆಗಳ ಮೇಲೂ ಅದೇ ನಿಧಾನ, ಅದೇ ನೇರ. ಸೋಲುವುದು ಖಚಿತವಾದ ಹುಲ್ಲಿಗೆ ಅಷ್ಟು ಗೌರವ ಕೊಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹನ್ನೊಂದಕ್ಕೆ ಹಾಲಮ್ ಬಂದರು. ಬೀದಿಯೆಲ್ಲ ಗೇಟಿನ ಮುಂದೆ ನೆರೆದಿತ್ತು. ಡೆಸ್ಮಂಡ್ ಟೋಪಿಯನ್ನು ಕೈಯಲ್ಲಿ ಹಿಂಡುತ್ತ ಒಂದು ಪಕ್ಕಕ್ಕೆ ನಿಂತಿದ್ದರು. ಹಿಂದಿನ ದಿನದ ಉಡಾಫೆ ಮುಖದಲ್ಲಿ ಉಳಿದಿರಲಿಲ್ಲ. ಹಾಲಮ್ ನನ್ನ ದೂರನ್ನು ಓದಿಕೊಂಡು, ಅದಕ್ಕೆ ಸಹಿ ಹಾಕಲೆಂದು ಪೆನ್ಸಿಲು ತೆಗೆದು, ಆಮೇಲೆ ಹುಲ್ಲಿನ ಕಡೆ ನೋಡಿದರು. ಪೆನ್ಸಿಲು ಅಲ್ಲೇ ನಿಂತಿತು.

“ಸಹಿ ಮಾಡೋ ಮೊದಲು ನಂದೊಂದು ಮಾತು ಹಾಲಮ್ ಅವರೇ,” ಎಂದರು ಎನಿಡ್. “ಡೆಸ್ಮಂಡ್, ನಿನ್ನ ಮಂಡಿಗೆ ಆಪರೇಷನ್ ಆಗಿದ್ದು ಯಾವಾಗ?”

“ಎರಡು ವರ್ಷ ಆಯ್ತು. ಎರಡೂ ಉಕ್ಕಿನವು. ಚರ್ಚಿನಲ್ಲೂ ನಿಂತೇ ಪ್ರಾರ್ಥನೆ ಮಾಡ್ತೀನಿ, ಪಾದ್ರಿಗಳನ್ನೇ ಕೇಳು.”

“ಆ ಎರಡು ದುಂಡು ಗುರುತು ನೋಡಿ. ಬಂದವರು ಅಲ್ಲಿ ಮಂಡಿ ಊರಿದಾರೆ. ಡೆಸ್ಮಂಡ್ ಮಂಡಿ ಊರಿದ್ರೆ ಇವತ್ತಿಗೂ ಅಲ್ಲೇ ಇರ್ತಿದ್ದ.”

ಯಾರೋ ಕಿಸಕ್ಕೆಂದರು. ನನ್ನ ಕಿವಿ ಬಿಸಿಯಾಯಿತು.

“ಹಾಗಾದ್ರೆ ಯಾರು ಆಂಟಿ?”

“ಹೆಸರು ನಂಗೆ ಗೊತ್ತಿಲ್ಲ. ಹೇಗೆ ನಡೀತು ಅನ್ನೋದು ಗೊತ್ತು. ಬೂಟಿಗೆ ವಿಷ ಹತ್ತಿದ್ದು ಡೆಸ್ಮಂಡ್‌ನ ದಾರಿಯಲ್ಲಿ. ಸರಿ, ಮಂಡಿಗೆ ಹೇಗೆ ಹತ್ತಿತು? ಅಲ್ಲೂ ಮಂಡಿ ಊರಿದಾರೆ, ದಾರಿ ಇನ್ನೂ ಒದ್ದೆ ಇದ್ದಾಗ. ಡೆಸ್ಮಂಡ್ ಒಳಗೆ ಮಲಗಿದ್ದ. ದಾರಿಯ ಅಂಚಲ್ಲೇ ಕೂತು ಅವನ ಹುಲ್ಲಿನ ಮಟ್ಟ ನೋಡಿದಾರೆ, ಹುಲ್ಲು ಮೆಟ್ಟಿಲ್ಲ. ಆಮೇಲೆ ಇಲ್ಲಿಗೆ ಬಂದಿದಾರೆ. ನಂದು ಬೀದಿಗಿಂತ ಎತ್ತರದಲ್ಲಿದೆ, ಹೊರಗೆ ನಿಂತು ಮಟ್ಟ ಕಾಣಲ್ಲ. ಆಸೆ ತಡೀಲಿಲ್ಲ.”

ಎನಿಡ್ ನೆಲದತ್ತ ಬಾಗಿ ಕೆನ್ನೆಯ ಪಕ್ಕ ಅಂಗೈ ಚಾಚಿ ತೋರಿಸಿದರು. “ಹೀಗೆ ಕೆನ್ನೆ ಇಟ್ಟು ನೋಡಿದಾರೆ. ಹುಲ್ಲನ್ನ ಹಾಗೆ ನೋಡೋಕೆ ಬರಬೇಕು. ಬಂದವರು ಕೆಡಿಸೋಕೆ ಬಂದವರಲ್ಲ, ಪ್ರೀತಿಗೆ ಬಂದವರು. ನಂಗೆ ಅವರ ಮೇಲೆ ಸಿಟ್ಟಿಲ್ಲ. ಆದ್ರೆ ಡೆಸ್ಮಂಡ್ ಹೆಸರು ಆ ಕಾಗದದಲ್ಲಿ ಇರಬಾರದು.”

ಹಾಲಮ್ ಹುಲ್ಲಿನಿಂದ ಕಣ್ಣು ತೆಗೆಯದೆ ನಿಂತಿದ್ದರು.

“ಮಿಸೆಸ್ ಗ್ರೀವ್ಸ್,” ಎಂದರು ಕೊನೆಗೆ. “ಮೂವತ್ತು ವರ್ಷ ಮೈದಾನ ನೋಡಿಕೊಂಡಿದೀನಿ. ಇಷ್ಟು ಸಮನಾದ ಹುಲ್ಲನ್ನ ನಾನು ಬೆಳೆಸಲಿಲ್ಲ.”

ಅಂಕದ ಪುಸ್ತಕವನ್ನು ಎನಿಡ್ ಅವರ ಕೈಗಿತ್ತರು. ದೂರಿನ ಹಾಳೆಯನ್ನು ಗೇಟಿನ ಕಂಬಕ್ಕೆ ಒತ್ತಿಹಿಡಿದು, ನಾನು ಬರೆದಿದ್ದ ಹೆಸರಿನ ಮೇಲೆ ನೇರವಾಗಿ ಒಂದು ಗೆರೆ ಎಳೆದು, ಅದರ ಕೆಳಗೆ ಬೇರೊಂದು ಹೆಸರು ಬರೆದು, ಎಲ್ಲರೂ ಓದುವಂತೆ ತಿರುಗಿಸಿದರು.

ಆಂಬ್ರೋಸ್ ಹಾಲಮ್.