ಅರದಿಂದ ಎಳೆದ ಗುರುತು

ನಾನು ಒಂದು ಕ್ರ್ಯಾಂಕ್‌ಶಾಫ್ಟ್. ಎಂಜಿನ್ನಿನ ತಳದಲ್ಲಿ, ಎಣ್ಣೆಯ ಕತ್ತಲೆಯಲ್ಲಿ ಸುತ್ತುವುದು ನನ್ನ ಕೆಲಸ. ಮೇಲೆ ಪಿಸ್ಟನ್ನುಗಳು ಏರಿಳಿಯುತ್ತವೆ. ಕನೆಕ್ಟಿಂಗ್ ರಾಡುಗಳು ಆ ಏರಿಳಿತವನ್ನು ನನ್ನ ಮೊಣಕೈಗಳಿಗೆ ಮುಟ್ಟಿಸುತ್ತವೆ. ನಾನು ಅದನ್ನು ತಿರುಗುವ ಬಲವಾಗಿಸಿ ಹೊರಗೆ ಕಳಿಸುತ್ತೇನೆ.

ಕೆಂಪಗೆ ಕಾದ ಉಕ್ಕನ್ನು ಅಚ್ಚಿಗೆ ಹಾಕಿ ಬಡಿದಾಗ ನಾನು ಹುಟ್ಟಿದೆ. ಅಂದಿನಿಂದಲೇ ನನ್ನನ್ನು ಯಾರೂ ನಂಬಲಿಲ್ಲ. ಒಬ್ಬ ಅಳೆದ, ಅವನ ಅಳತೆಯನ್ನು ನಂಬದೆ ಇನ್ನೊಬ್ಬ ಅಳೆದ, ಮೂರನೆಯವನು ತಿರುಗಿಸಿ ತೂಕದ ಸಮ ನೋಡಿದ. ಅನುಮಾನದ ನಡುವೆಯೇ ಬೆಳೆದದ್ದರಿಂದ ನನಗೂ ಅದೇ ಸ್ವಭಾವ ಅಂಟಿತು.

ಮೊದಲ ಹದಿನಾಲ್ಕು ವರ್ಷ ಇಂಡಿ ಕಡೆಯ ಒಂದು ಟೆಂಪೋದಲ್ಲಿ ಲಿಂಬೆಹಣ್ಣಿನ ಹೊರೆ ಎಳೆದೆ. ಚಾಲಕ ಮಲಕಾರಿ ಸಣ್ಣ ಸದ್ದು ಕೇಳಿದರೂ ಗಾಡಿ ನಿಲ್ಲಿಸಿ ಕಿವಿಗೊಡುತ್ತಿದ್ದ. ಒಂದು ಬೇಸಿಗೆಯಲ್ಲಿ ರೇಡಿಯೇಟರಿನ ನೀರು ಆರಿಹೋಯಿತು. ನೀರು ಆರುವುದಕ್ಕೆ ಸದ್ದಿರುವುದಿಲ್ಲವಲ್ಲ! ಎಂಜಿನ್ನಿನ ಮೈಯಾದ ಬ್ಲಾಕು ಬಿರಿಯಿತು. ಗಟ್ಟಿಯಾಗಿ ಉಳಿದ ನಾನು ಮತ್ತು ನನ್ನ ನಾಲ್ಕು ರಾಡುಗಳು ಗುಜರಿಯ ಮೂಲೆ ಸೇರಿದೆವು.

ಎರಡು ವರ್ಷದ ಮೇಲೆ ಹುಸೇನಸಾಬ ನದಾಫ ನಮ್ಮನ್ನು ಹುಡುಕಿಕೊಂಡು ಬಂದ. ಕೃಷ್ಣೆಯ ಹಿನ್ನೀರಿನಲ್ಲಿ ಆಚೆ ದಡಕ್ಕೂ ಈಚೆ ದಡಕ್ಕೂ ಲಾಂಚು ನಡೆಸುವವನು. ಅವನ ಎಂಜಿನ್ನಿನ ಕ್ರ್ಯಾಂಕು ನಡುಹೊಳೆಯಲ್ಲಿ ತುಂಡಾಗಿತ್ತು. ಹಿಂದಿನ ಸಲ ರಿಪೇರಿಗೆ ಬಿಟ್ಟಾಗ ಯಾರೋ ಅವನ ಒಳ್ಳೆಯ ಸಾಮಾನು ತೆಗೆದು ಸವೆದದ್ದನ್ನು ಹಾಕಿದ್ದರು. ಮೂರು ತಾಸು ಲಾಂಚು ಗಾಳಿ ತಳ್ಳಿದತ್ತ ತೇಲಿತ್ತು. ಅದರಲ್ಲಿ ಅವನ ಬಸುರಿ ಮಗಳೂ ಇದ್ದಳು. ಅಂದಿನಿಂದ ಹುಸೇನಸಾಬ ಯಾರನ್ನೂ ನಂಬುತ್ತಿರಲಿಲ್ಲ.

ಅವನು ನಮ್ಮನ್ನು ಬಾಗಲಕೋಟೆಯ ದಾಕ್ಷಾಯಣಿ ಕಮ್ಮಾರಳ ವರ್ಕ್‌ಶಾಪಿಗೆ ತಂದ. ಲಾಂಚಿನ ಹಳೆಯ ಎಂಜಿನ್ನಿನ ಬಿಡಿಭಾಗ ಎಲ್ಲೂ ಸಿಗುತ್ತಿರಲಿಲ್ಲ. ಹಾಗಾಗಿ ಬ್ಲಾಕು ಲಾಂಚಿನದು, ನಾನು ಮತ್ತು ರಾಡುಗಳು ಟೆಂಪೋದವು. ದಾಕ್ಷಾಯಣಿ ಇದಕ್ಕೆ ಕಸಿ ಎಂಜಿನ್ ಎನ್ನುತ್ತಿದ್ದಳು. ನನ್ನ ಮೊಣಕೈ ಹಳೆಯ ಕ್ರ್ಯಾಂಕಿನದಕ್ಕಿಂತ ನಾಲ್ಕು ಮಿಲಿಮೀಟರ್ ಉದ್ದ. ಎಳೆಯುವ ಕಸುವು ಹೆಚ್ಚು, ನಿಜ. ಆದರೆ ಪಿಸ್ಟನ್ ಅಷ್ಟೇ ಮೇಲಕ್ಕೆ ಹೋಗಿ ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡಿಗೆ ಗುದ್ದುತ್ತದೆ. ಅದಕ್ಕೇ ಅವಳು ರಾಡು ಸೇರಿಸುವ ಪಿನ್ನಿನ ತೂತು ನಾಲ್ಕು ಮಿಲಿಮೀಟರ್ ಮೇಲಿರುವ ಟ್ರ್ಯಾಕ್ಟರಿನ ಪಿಸ್ಟನ್ನುಗಳನ್ನು ಹುಡುಕಿ ತರಿಸಿದಳು.

ಅವಳು ನನ್ನನ್ನು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಹಗ್ಗಕ್ಕೆ ತೂಗುಹಾಕಿ ತಟ್ಟಿ ನಾದ ಕೇಳಿದಳು. ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಮೈಗೆಲ್ಲ ಸೀಮೆಸುಣ್ಣದ ಪುಡಿ ಸವರಿದಳು. ಎಲ್ಲಾದರೂ ಬಿರುಕಿದ್ದರೆ ಒಳಗಿಳಿದ ಎಣ್ಣೆ ಪುಡಿಯ ಮೇಲೆ ಗೆರೆ ಮೂಡಿಸುತ್ತದೆ. ನನ್ನ ಮೇಲೆ ಮೂಡಲಿಲ್ಲ, ರಾಡುಗಳ ಮೇಲೂ ಇಲ್ಲ.

"ಮಾಲು ಛಲೋ ಐತ್ರಿ, ಸಾಹೇಬ್ರ. ಬಿಟ್ಟು ಹೋಗ್ರಿ," ಎಂದಳು.

ಬಿಟ್ಟು ಹೋಗು ಎಂಬ ಮಾತೇ ಅವನನ್ನು ಕೆದಕಿತು. ಮರುದಿನ ಮಧ್ಯಾಹ್ನ ದಾಕ್ಷಾಯಣಿ ಊಟಕ್ಕೆ ಹೋದ ಹೊತ್ತು ನೋಡಿ ಬಂದ. ಜೇಬಿನಿಂದ ಸಣ್ಣ ಅರ ತೆಗೆದು ಮೊದಲ ರಾಡಿನ ನಡುವಿಗೆ ಅಡ್ಡಲಾಗಿ ಒಂದು ಗೀರು ಎಳೆದ. ಸಾಮಾನು ಬದಲಾದರೆ ಗೊತ್ತಾಗಲಿ ಎಂದು ಅವನ ಗುರುತು ಅದು. ಎದ್ದು ಕಾಣುತ್ತದೆ ಅನ್ನಿಸಿತೇನೋ, ಉಳಿದ ಮೂರರಲ್ಲಿ ಬೋಲ್ಟಿನ ಬುಡದ ಸಂದಿಯಲ್ಲಿ ಎಳೆದು ಮೇಲೆ ಕಪ್ಪು ಗ್ರೀಸು ತಿಕ್ಕಿದ. ನನ್ನ ಮೇಲೂ ಅರ ಇಟ್ಟ. ನನ್ನ ಮೈ ಗಟ್ಟಿ, ಅರ ಜಾರಿತು. ನನಗೆ ಬಾಯಿದ್ದಿದ್ದರೆ ಕೂಗಿಕೊಳ್ಳುತ್ತಿದ್ದೆ.

ಮೊದಲ ರಾಡಿನ ಗೀರು ದಾಕ್ಷಾಯಣಿಯ ಕಣ್ಣಿಗೆ ಬಿತ್ತು. ತಾನು ಪರೀಕ್ಷೆ ಮಾಡಿದಾಗ ಅದು ಇರಲಿಲ್ಲ. ಅವಳು ಯಾರಿಗೂ ಏನೂ ಹೇಳಲಿಲ್ಲ. ಅಂದಿನಿಂದ ಊಟಕ್ಕೆ ಹೋಗುವಾಗಲೂ ಬಾಗಿಲಿಗೆ ಬೀಗ ಹಾಕತೊಡಗಿದಳು. ಆ ರಾಡನ್ನು ತೆಗೆದಿಟ್ಟು ತನ್ನ ಕಪಾಟಿನಿಂದ ಅದೇ ಅಳತೆಯ ಬೇರೊಂದನ್ನು ತಂದಳು. ಚಿನ್ನ ತೂಗುವ ಪತ್ತಾರರ ತಕ್ಕಡಿ ತರಿಸಿ ನಾಲ್ಕು ರಾಡು, ನಾಲ್ಕು ಪಿಸ್ಟನ್ ಎಲ್ಲವನ್ನೂ ತೂಗಿ, ಹೆಚ್ಚಾದಲ್ಲಿ ಉಜ್ಜಿ ಸಮ ಮಾಡಿದಳು. ಸಂದಿಯಲ್ಲಿ ಗ್ರೀಸಿನಡಿ ಅಡಗಿದ್ದ ಮೂರು ಗೀರು ಮಾತ್ರ ಅವಳಿಗೆ ಕಾಣಲಿಲ್ಲ. ಪಿಸ್ಟನ್ನಿನ ತಲೆಯ ಮೇಲೆ ಗೋಧಿಹಿಟ್ಟಿನ ಕಣಕ ಇಟ್ಟು, ಹೆಡ್ಡು ಕೂರಿಸಿ, ನನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಅಪ್ಪಚ್ಚಿಯಾದ ಕಣಕದ ದಪ್ಪ ಅಳೆದಳು. ಸಂದು ಸಾಕಷ್ಟಿತ್ತು. ಹೊಸ ರಾಡು ನನ್ನ ಮೊಣಕೈ ಹಿಡಿದಾಗ ನನಗೆ ಹಿಡಿಸಲಿಲ್ಲ. ಎಲ್ಲಿಂದ ಬಂದದ್ದೋ ಏನೋ!

ಬೀಗ ಬಿದ್ದ ಎಂಟನೆಯ ದಿನ ಹುಸೇನಸಾಬ ಬಂದ. ಎಂಜಿನ್ ಮಗುಚಿ ಇಟ್ಟಿತ್ತು. ತಳಕ್ಕೆ ಎಣ್ಣೆಯ ತಟ್ಟೆ ಮುಚ್ಚುವುದೊಂದೇ ಬಾಕಿ. ಅವನು ಟಾರ್ಚು ಹಿಡಿದು ಬಗ್ಗಿ ಬಹಳ ಹೊತ್ತು ನೋಡಿದ.

"ಅಕ್ಕಾರ, ಈ ಮೊದಲ್ನೇ ರಾಡು ನಂದಲ್ಲ."

"ಹೌದ್ರಿ. ನಿಮ್ದಲ್ಲ."

"ಅಂದ್ರ ಮಾಲು ಬದಲಿ ಮಾಡೀರಿ! ನೀವೂ ಎಲ್ಲಾರಂಗನ ಆದ್ರಿ."

ದಾಕ್ಷಾಯಣಿ ಒಳಗೆ ಹೋಗಿ ಹಳೆಯ ರಾಡು ತಂದು ಅವನ ಕೈಗಿತ್ತಳು. "ನೋಡ್ರಿ, ಇದರ ಮೈಮ್ಯಾಲ ಯಾರೋ ಅರ ಎಳದಾರ. ನನ್ನ ಹೆಸರು ಕೆಡಸಾಕ ಮಾಡ್ಯಾರಂತ ಎಂಟು ದಿನದಿಂದ ಬಾಗಲಕ್ಕ ಕೀಲಿ ಹಾಕ್ಕೊಂಡು ಕುಂತೀನಿ."

"ಒಂದು ಗೀರಿಗೆ ಏನ್ ಆಗತೈತ್ರಿ?"

"ಬಿರುಕು ಹುಟ್ಟೂದ ಗೀರಿನ ಬಾಯಾಗ. ಓಡುವಾಗ ರಾಡು ಮುರೀತಂದ್ರ ಬ್ಲಾಕ್ ಒಡಕೊಂಡು ಹೊರಗ ಬರತೈತಿ. ನಿಮ್ಮ ಲಾಂಚಿನ್ಯಾಗ ಎಷ್ಟು ಮಂದಿ ಹತ್ತತಾರ?"

"ನಲವತ್ತು," ಎಂದ.

ದಾಕ್ಷಾಯಣಿ ತಟ್ಟೆ ಎತ್ತಿ ನನ್ನ ಮೇಲೆ ಮುಚ್ಚಿದಳು. ಬೆಳಕು ಹೋಯಿತು. ಒಂದು ಬೋಲ್ಟು ಬಿಗಿಯಿತು. ಇನ್ನೊಂದು. ಮೂರನೆಯದು. ಇವನು ಹೇಳುವುದಿಲ್ಲ ಅಂದುಕೊಂಡೆ. ಹೇಳಿದರೆ ಮಾನ ಹೋಗುತ್ತದೆ, ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಮನುಷ್ಯರನ್ನು ನಾನು ಕೆಳಗಿನಿಂದ ನೋಡಿದವನು, ನನಗೆ ಗೊತ್ತು.

"ಅಕ್ಕಾರ, ತಡೀರಿ."

ಬೋಲ್ಟು ತಿರುಗಿಸುತ್ತಿದ್ದ ಪಾನಾ ನಿಂತಿತು.

"ಉಳದ ಮೂರರಾಗೂ ಐತಿ. ಬೋಲ್ಟಿನ ಬುಡಕ್ಕ. ಯಾರೂ ಹೊರಗಿನವರು ಬಂದಿಲ್ಲ. ನಾನ ಎಳದೀನಿ."

ತಟ್ಟೆ ತೆರೆಯಿತು. ದಾಕ್ಷಾಯಣಿ ಬಟ್ಟೆಯಿಂದ ಕೈ ಒರೆಸುತ್ತಲೇ ಇದ್ದಳು. ಕೈ ಶುದ್ಧವಾದ ಮೇಲೂ ಒರೆಸಿದಳು.

"ನನ್ನ ಮ್ಯಾಲ ಇಷ್ಟು ಸಂಶೇನ್ರಿ?"

"ನಿಮ್ಮ ಮ್ಯಾಲಷ್ಟ ಅಲ್ರಿ. ಆವತ್ತಿನಿಂದ ಎಲ್ಲಾರ ಮ್ಯಾಲೂ."

ಅವಳು ಅವನನ್ನು ಹೊರಗೆ ಹಾಕಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮೂರೂ ರಾಡು ಬಿಚ್ಚಿದಳು. ಎರಡರ ಗೀರು ತೆಳುವಾಗಿತ್ತು, ರಾಡಿನ ಉದ್ದಕ್ಕೆ ಉಜ್ಜಿ ಪಾಲಿಶ್ ಮಾಡಿ ಅಳಿಸಿದಳು. ಮೂರನೆಯದು ಆಳ. ಅದು ಹೊರಗೆ ಹೋಯಿತು. ಅದರ ಬದಲಿ ಹುಬ್ಬಳ್ಳಿಯಿಂದ ಬರುವವರೆಗೆ ಹುಸೇನಸಾಬ ಹುಟ್ಟು ಹಾಕುವ ದೋಣಿಯಲ್ಲಿ ಜನರನ್ನು ದಾಟಿಸಿದ. ಎಲ್ಲವನ್ನೂ ಮತ್ತೆ ತೂಗುವಾಗ ದಾಕ್ಷಾಯಣಿ ತಕ್ಕಡಿಯನ್ನು ಅವನ ಕೈಗೇ ಕೊಟ್ಟಳು.

"ನೀವ ಹಿಡೀರಿ. ನೀವ ನೋಡ್ರಿ."

ಮೊದಲ ದಿನ ಲಾಂಚು ಹೊರಟಾಗ ಅವಳೂ ಹತ್ತಿದಳು. ನಡುಹೊಳೆ ದಾಟುವವರೆಗೆ ಎಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಊರಿ ಕುಳಿತಿದ್ದಳು. ಆಚೆ ದಡ ಮುಟ್ಟಿದಾಗ ಹುಸೇನಸಾಬ ಕೈಮುಗಿದ. ಅವಳು, "ತಿಂಗಳಿಗೊಮ್ಮೆ ಎಣ್ಣಿ ಬದಲಿ ಮಾಡ್ರಿ," ಎಂದಷ್ಟೇ ಹೇಳಿ ಇಳಿದಳು.

ಹನ್ನೊಂದು ವರ್ಷ ಸುತ್ತಿದೆ. ಎಲ್ಲಿಯದೋ ಎಂದು ನಾನು ದೂರಿದ್ದ ಆ ರಾಡು ಒಂದು ದಿನವೂ ತಪ್ಪಲಿಲ್ಲ. ನನ್ನ ಅನುಮಾನ ತಪ್ಪಾಗಿತ್ತೆಂದು ಆ ರಾಡಿಗೆ ನಾನು ಹೇಳಲೇ ಇಲ್ಲ. ಆಮೇಲೆ ಹೊಳೆಗೆ ಸೇತುವೆ ಬಂತು, ಲಾಂಚು ನಿಂತಿತು, ಎಂಜಿನ್ ಬಿಡಿಬಿಡಿಯಾಯಿತು. ಹುಸೇನಸಾಬ ನನ್ನನ್ನು ಮಾತ್ರ ಉಳಿಸಿಕೊಂಡ.

ಈಗ ಅವನು ಮೀನು ಹಿಡಿಯುತ್ತಾನೆ. ನಾನು ಅವನ ದೋಣಿಯ ಲಂಗರು. ಹೊಳೆಯ ತಳದ ಕೆಸರಿನಲ್ಲಿ ಮೊಣಕೈಗಳನ್ನು ಊರಿ ದೋಣಿ ಸರಿಯದಂತೆ ಹಿಡಿದಿರುತ್ತೇನೆ. ತುಕ್ಕು ಹಿಡಿದಿದೆ. ಇಲ್ಲಿ ಯೋಚನೆಗೆ ಬೇಕಾದಷ್ಟು ಹೊತ್ತಿದೆ. ದಾಕ್ಷಾಯಣಿಗೂ ಅನುಮಾನವಿತ್ತು, ಹುಸೇನಸಾಬನಿಗೂ ಇತ್ತು. ಅವಳು ಅವನೆದುರಿಗೇ ಅಳೆದಳು, ಇವನು ಯಾರೂ ಇಲ್ಲದಾಗ ಗೀರಿದ. ಆದರೂ ಮೂರು ಬೋಲ್ಟು ಬಿಗಿದ ಮೇಲೆ ಅವನು ಬಾಯಿ ಬಿಟ್ಟ. ಹೇಳುವುದಿಲ್ಲ ಅಂದುಕೊಂಡ ನಾನೇ ಅಂದು ಸೋತೆ. ಆ ಸೋಲಿಗೆ ನನಗೆ ಬೇಸರವಿಲ್ಲ.

ಆದರೆ ಹುಟ್ಟುಗುಣ ಎಲ್ಲಿಗೆ ಹೋದೀತು? ಹಗ್ಗದ ಗಂಟು ಸರಿಯಾಗಿದೆಯೋ ಇಲ್ಲವೋ ಎಂದು ನನಗೆ ದಿನವೂ ಸಂಶಯ. ಅವನಿಗೂ ಇದ್ದಂತಿದೆ. ಎರಡು ಸಲ ಜಗ್ಗಿ ನೋಡಿಯೇ ನನ್ನನ್ನು ನೀರಿಗೆ ಬಿಡುತ್ತಾನೆ.